ಕಿಟಕಿಯನ್ನು ನಂಬಿದ್ದ ಅಕ್ಕೋರು

ಒಂದು ಸಾಲು ಮುಗಿದ ಕೂಡಲೇ ಅಕ್ಕೋರ ಎಡಗೈ ತಾನಾಗಿ ಮೇಲೇಳುತ್ತಿತ್ತು. ಕಂಪ್ಯೂಟರ್ ಪರದೆಯ ಪಕ್ಕದ ಗಾಳಿಯಲ್ಲಿ ಏನನ್ನೋ ಹಿಡಿದು ಬಲಕ್ಕೆ ತಳ್ಳಿದಂತೆ ಮಾಡಿ ಮತ್ತೆ ಕೀಲಿಗಳ ಮೇಲೆ ಇಳಿಯುತ್ತಿತ್ತು. ಟೈಪ್‌ರೈಟರಿನ ಆ ಹಿಡಿಕೆ ಅಲ್ಲಿಂದ ಮಾಯವಾಗಿ ವರ್ಷಗಳೇ ಕಳೆದಿದ್ದವು, ಕೈಗೆ ಮಾತ್ರ ಅದು ಗೊತ್ತಾಗಿರಲಿಲ್ಲ. ಅವರ ಬೆರಳ ತುದಿಗಳು ಚಪ್ಪಟೆಯಾಗಿದ್ದವು, ಕಿರುಬೆರಳೆರಡೂ ಒಳಕ್ಕೆ ಬಾಗಿದ್ದವು. ಅವರು ಕೀಬೋರ್ಡನ್ನು ಒತ್ತುತ್ತಿರಲಿಲ್ಲ, ಹೊಡೆಯುತ್ತಿದ್ದರು. ಮೆಟ್ಟಿಲು ಹತ್ತುವಾಗಲೇ ಆ ಸದ್ದು ಕೇಳಿದರೆ ಅಕ್ಕೋರು, ಅಂದರೆ ನಮ್ಮ ಟೀಚರು, ಬಂದಿದ್ದಾರೆ ಎಂದು ನಮಗೆ ತಿಳಿಯುತ್ತಿತ್ತು.

ಹೊನ್ನಾಳಿಯ ಬಸ್ ಸ್ಟ್ಯಾಂಡಿಗೆ ಹತ್ತಿರದಲ್ಲಿ, ಬಟ್ಟೆ ಅಂಗಡಿಯ ಮಹಡಿಯ ಮೇಲೆ ಅವರ ಕಂಪ್ಯೂಟರ್ ಕ್ಲಾಸು. ಮೊದಲು ಅದು ಟೈಪಿಂಗ್ ಶಾಲೆಯಾಗಿತ್ತು. ಟೈಪ್‌ರೈಟರುಗಳನ್ನೆಲ್ಲ ಮಾರಿ, ಕೊರಳ ಸರವನ್ನೂ ಮಾರಿ ಅವರು ಕಂಪ್ಯೂಟರ್ ತಂದಾಗ, ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಅವರ ಯಜಮಾನರು ಒಂದು ವಾರ ಮಾತು ಬಿಟ್ಟಿದ್ದರಂತೆ. ನಾನು ಗೋವಿನಕೋವಿಯಿಂದ ಬೆಳಗಿನ ಬಸ್ಸಿಗೆ ಬಂದು ಅಲ್ಲಿ ಕಲಿಯಲು ಸೇರಿದಾಗ ಅವೆಲ್ಲ ನಗುತ್ತಾ ಹೇಳುವ ಮಾತುಗಳಾಗಿದ್ದವು. ಯಜಮಾನರು ಡ್ಯೂಟಿ ಮುಗಿಸಿ ಖಾಕಿ ಅಂಗಿಯಲ್ಲೇ ಬಂದು ಬಾಗಿಲಲ್ಲಿ ನಿಂತು, "ಯಾರ್ರೀ ಇನ್ನೂ ಟಿಕೆಟ್ ತಗಳ್ದೆ ಇರೋರು?" ಎನ್ನುತ್ತಿದ್ದರು. ಇಡೀ ಕ್ಲಾಸು ನಗುತ್ತಿತ್ತು. ಅಕ್ಕೋರು ಮಾತ್ರ ಪರದೆಯಿಂದ ಕಣ್ಣು ಕೀಳುತ್ತಿರಲಿಲ್ಲ.

ಮೊದಲ ದಿನ ಮೌಸ್ ಮುಟ್ಟದೆ ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದೆ. ಪರದೆಯ ಮೇಲಿದ್ದುದೆಲ್ಲ ಇಂಗ್ಲಿಷ್. ನನ್ನ ಇಂಗ್ಲಿಷ್ ಪರೀಕ್ಷೆ ಪಾಸಾಗುವಷ್ಟು, ಅದೂ ಅಂಚಿನಲ್ಲಿ. ಅಕ್ಕೋರು ಸ್ಟೂಲು ಎಳೆದುಕೊಂಡು ಪಕ್ಕ ಕೂತರು.

"ಹೆದರಬ್ಯಾಡ ತಂಗಿ. ನಿಮ್ಮೂರು ಯಾವ್ದು, ನಿಮ್ಮಪ್ಪ ಏನ್ ಮಾಡ್ತಾನೆ, ನೀನು ಯಾರ ಪೈಕಿ ಅಂತ ಇದು ಕೇಳಂಗಿಲ್ಲ. ನೀನು ಒತ್ತಿದ್ದಕ್ಕೆ ಒತ್ತಿದಷ್ಟೇ ಉತ್ತರ ಕೊಡ್ತೈತೆ. ಮನುಷ್ಯರಿಗಿಂತ ಸಲೀಸು."

ಆ ಮಾತಿನ ಮೇಲೆ ನಾನು ಕಲಿತೆ. ಕಲಿತದ್ದರ ಮೇಲೆ ಇವತ್ತಿಗೂ ನನ್ನ ಸಂಸಾರ ನಡೆಯುತ್ತಿದೆ.

ಆಗ ಎಲ್ಲ ಕಂಪ್ಯೂಟರುಗಳನ್ನೂ ನಡೆಸುತ್ತಿದ್ದುದು ಒಂದೇ ಕಂಪನಿಯ ಆಪರೇಟಿಂಗ್ ಸಿಸ್ಟಮ್. ಊರೆಲ್ಲ ಅದನ್ನು ಅದರ ಇಂಗ್ಲಿಷ್ ಹೆಸರಿನಿಂದ ಕರೆದರೆ ಅಕ್ಕೋರು ಮಾತ್ರ 'ಕಿಟಕಿ' ಎನ್ನುತ್ತಿದ್ದರು. "ಕಿಟಕಿ ತಗೀರಿ," "ಕಿಟಕಿ ಮುಚ್ಚಿ ಮನೀಗೆ ಹೋಗ್ರಿ." ಬೇರೆ ಯಾವುದಾದರೂ ವ್ಯವಸ್ಥೆ ಇರಬಹುದು ಎಂಬ ಯೋಚನೆಯೂ ನಮಗಿರಲಿಲ್ಲ. ಕಂಪ್ಯೂಟರ್ ಅಂದರೆ ಕಿಟಕಿ, ಕಿಟಕಿ ಅಂದರೆ ಕಂಪ್ಯೂಟರ್.

ನಮ್ಮ ತಾಲೂಕಿನಲ್ಲಿ ಆ ಕಿಟಕಿಗೆ ದುಡ್ಡು ಕೊಟ್ಟವರು ಬಹುಶಃ ಅಕ್ಕೋರೊಬ್ಬರೇ. ಉಳಿದ ಅಂಗಡಿಗಳಲ್ಲೆಲ್ಲ ಕದ್ದ ಪ್ರತಿಗಳು, ಒಂದು ಸಿ.ಡಿ. ಊರಿಂದೂರಿಗೆ ಕೈಯಿಂದ ಕೈಗೆ ತಿರುಗುತ್ತಿತ್ತು. "ಕದ್ದದ್ದರ ಮೇಲೆ ಕೂತು ಮಕ್ಕಳಿಗೆ ಏನು ಕಲಿಸಾಕೆ ಆಗ್ತೈತೆ?" ಎಂದು ಅಕ್ಕೋರು ಪ್ರತಿ ಯಂತ್ರಕ್ಕೂ ಅಸಲಿ ಪ್ರತಿಯನ್ನೇ ಹಾಕಿಸಿದ್ದರು. ಒಮ್ಮೆ ಕದ್ದ ಪ್ರತಿಗಳನ್ನು ಹುಡುಕಲು ಬೆಂಗಳೂರಿನಿಂದ ಯಾರೋ ಜೀಪಿನಲ್ಲಿ ಬಂದಿದ್ದಾರೆ ಎಂಬ ಸುದ್ದಿ ಹಬ್ಬಿ, ಊರಿನ ಕಂಪ್ಯೂಟರ್ ಅಂಗಡಿಗಳೆಲ್ಲ ಮಧ್ಯಾಹ್ನದೊಳಗೆ ಶಟರ್ ಎಳೆದವು. ಅಕ್ಕೋರ ಬಾಗಿಲು ತೆರೆದೇ ಇತ್ತು. ಬಂದವರು ಯಂತ್ರಗಳನ್ನು ನೋಡಿ, ಮಂಡಕ್ಕಿ ತಿಂದು, ಚಹಾ ಕುಡಿದು, "ನಿಮ್ಮಂಥೋರು ಸಿಗೋದು ಅಪರೂಪ ಮೇಡಂ" ಎಂದು ಕೈಮುಗಿದು ಹೋದರು. ಅಕ್ಕೋರು ಅದನ್ನು ಬಹಳ ದೊಡ್ಡ ಮಾತೆಂದು ತಿಳಿದರು. ಹೊನ್ನಾಳಿಯಲ್ಲಿ ಒಬ್ಬಳು ನ್ಯಾಯವಾಗಿ ನಡೆದುಕೊಳ್ಳುತ್ತಿದ್ದಾಳೆಂದು ಬಲ್ಲವರು ಎಲ್ಲೋ ದೂರದಲ್ಲಿ ಯಾರೋ ಇದ್ದಾರೆ ಎಂಬ ನಂಬಿಕೆ ಅವರಲ್ಲಿ ಅವತ್ತು ಬೇರೂರಿತು.

ನನ್ನ ಜೊತೆ ಕಲಿತವರಲ್ಲಿ ಸವಳಂಗದ ಕಡೆಯವನೊಬ್ಬನಿದ್ದ. ಅಕ್ಕೋರ ಮೆಚ್ಚಿನ ಶಿಷ್ಯ. ಅವರು ಅವನನ್ನು 'ತಮ್ಮ' ಎನ್ನುತ್ತಿದ್ದರು, ಹಾಗೆ ಕರೆಯುವಾಗ ಧ್ವನಿಯೇ ಬೇರೆಯಾಗುತ್ತಿತ್ತು. ಅವನ ತಾಯಿ ಕೂಲಿಗೆ ಹೋಗುತ್ತಿದ್ದಳು. ಮಧ್ಯಾಹ್ನದ ಊಟ ಅವನಿಗೆ ಅಕ್ಕೋರ ಮನೆಯಲ್ಲೇ. ಯಂತ್ರ ಬಿಚ್ಚಿ ಕೂಡಿಸುವುದರಲ್ಲಿ ಅವನ ಕೈ ಬಹಳ ಚುರುಕು. ಕಲಿಯುವುದು ಮುಗಿದ ಮೇಲೆ ಅವನನ್ನೇ ಮೇಷ್ಟ್ರಾಗಿ ಇಟ್ಟುಕೊಂಡರು, ಮುಂದೆ ನ್ಯಾಮತಿಯಲ್ಲಿ ಇನ್ನೊಂದು ಕ್ಲಾಸು ತೆರೆದಾಗ ಅದನ್ನು ಅವನ ಕೈಗೇ ಕೊಟ್ಟರು. ಮಕ್ಕಳಿಲ್ಲದ ಅಕ್ಕೋರಿಗೆ ಅವನು ಏನಾಗಿದ್ದ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಅವನ ಮದುವೆಯಲ್ಲಿ ಅವನ ತಾಯಿಯ ಪಕ್ಕ ನಿಂತು ಅಕ್ಷತೆ ಹಾಕಿದವರು ಅವರು.

ಆಮೇಲೆ ಮೊಬೈಲ್ ಬಂತು. ಹಿಂದೆ ಕಂಪ್ಯೂಟರಿಗೆ ಬರುತ್ತಿದ್ದ ಕೆಲಸಗಳೆಲ್ಲ ಜನರ ಜೇಬಿಗೆ ಹೋದವು. ಅಗ್ಗದ ಲ್ಯಾಪ್‌ಟಾಪುಗಳು ಬಂದವು. ಅವುಗಳಲ್ಲಿ ಕಿಟಕಿ ಇರಲಿಲ್ಲ. ಪುಕ್ಕಟೆ ಸಿಗುವ ಲಿನಕ್ಸ್ ಎಂಬ ಇನ್ನೊಂದು ವ್ಯವಸ್ಥೆ ಶಾಲೆಗಳಿಗೂ ಸಣ್ಣ ಅಂಗಡಿಗಳಿಗೂ ನುಗ್ಗಿತು. ಮದುವೆಯಾಗಿ ಜಗಳೂರು ಸೇರಿದ್ದ ನಾನು ಅಲ್ಲಿ ಅರ್ಜಿ ಹಾಕಿಕೊಡುವ, ಜೆರಾಕ್ಸ್ ಮಾಡುವ ಪುಟ್ಟ ಅಂಗಡಿ ತೆರೆದಾಗ ಲಿನಕ್ಸನ್ನೇ ಹಾಕಿದೆ. ಕದ್ದ ಪ್ರತಿ ಹಾಕಲು ಅಕ್ಕೋರ ಶಿಷ್ಯೆಗೆ ಮನಸ್ಸು ಬರಲಿಲ್ಲ, ಅಸಲಿ ಕೊಳ್ಳಲು ಶಕ್ತಿಯಿರಲಿಲ್ಲ. ಫೋನಿನಲ್ಲಿ ಹೇಳಿದಾಗ ಅವರು, "ಆತು ಬಿಡು, ನಿನ್ನ ಅನುಕೂಲ ನಿಂದು. ಆದ್ರೆ ತಂಗಿ, ಪುಕ್ಕಟೆ ಕೊಡೋರು ಎಷ್ಟು ದಿನ ಇರ್ತಾರೆ?" ಎಂದರು.

ಬಿಟ್ಟುಹೋದವರು ಪುಕ್ಕಟೆ ಕೊಟ್ಟವರಲ್ಲ, ಬೇರೆಯವರೇ.

ಅಕ್ಕೋರ ಕ್ಲಾಸಿಗೆ ಬರುವವರು ಕಡಿಮೆಯಾದ ಮೇಲೂ ಅವರನ್ನು ಹಿಡಿದು ನಿಲ್ಲಿಸಿದ್ದು ಚನ್ನಗಿರಿ. ಅಲ್ಲಿನ ಒಂದು ಖಾಸಗಿ ವಿದ್ಯಾಸಂಸ್ಥೆಯ ಶಾಲೆಗಳ ಕಂಪ್ಯೂಟರ್ ಕೋಣೆಗಳನ್ನು ಕೂಡಿಸಿದವರು ಅವರೇ, ವಾರಕ್ಕೆರಡು ಸಲ ಹೋಗಿ ಪಾಠ ಮಾಡುತ್ತಿದ್ದವರೂ ಅವರೇ. ಒಂದು ದಿನ ಅಲ್ಲಿನ ಪರದೆಗಳ ಮೇಲೆ ಒಂದು ಸೂಚನೆ ಮೂಡಿತು. ಈಗಿರುವ ಕಿಟಕಿಗೆ ಇನ್ನು ಮುಂದೆ ಕಂಪನಿಯ ರಕ್ಷಣೆ ಇರುವುದಿಲ್ಲ, ಹೊಸದಕ್ಕೆ ಬದಲಾಯಿಸಿಕೊಳ್ಳಿ ಎಂದು. ಹೊಸದು ಈ ಹಳೆಯ ಯಂತ್ರಗಳಲ್ಲಿ ಕೂರುತ್ತದೆಯೇ ಎಂಬುದು ಅಕ್ಕೋರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಅವರು ಯಾವಾಗಲೂ ಕೇಳುತ್ತಿದ್ದುದು ಆ ಮೆಚ್ಚಿನ ಶಿಷ್ಯನನ್ನು. ನ್ಯಾಮತಿಗೆ ಹೋಗಿ ಕೇಳಿದರು.

"ಬರ್ತೈತೆ ಬಿಡ್ರಿ ಅಕ್ಕೋರೆ," ಎಂದನಂತೆ. "ಅಸಲಿ ಪ್ರತಿ ಇರೋರಿಗೆ ಕಂಪನಿಯೋರೇ ಪುಕ್ಕಟೆ ಕೊಡ್ತಾರೆ. ಟೈಮ್ ಬಂದಾಗ ನಾನೇ ಬಂದು ಹಾಕಿಕೊಡ್ತೀನಿ. ನೀವು ಆರಾಮಿರ್ರಿ."

ಆ ಮಾತನ್ನು ನಂಬಿ ಅಕ್ಕೋರು ಸಂಸ್ಥೆಯ ಕಾರ್ಯದರ್ಶಿಗಳಿಗೆ ಭರವಸೆ ಕೊಟ್ಟರು. ಪೋಷಕರ ಸಭೆಯಲ್ಲೂ ಎದ್ದುನಿಂತು ಹೇಳಿದರು: "ಯಾರೂ ಚಿಂತೆ ಮಾಡಬ್ಯಾಡ್ರಿ. ಹೊಸ ಯಂತ್ರ ಬೇಕಿಲ್ಲ. ನಾವು ಯಾವತ್ತೂ ಕದ್ದಿಲ್ಲ, ಹಂಗಾಗಿ ನಮ್ಮ ಮಕ್ಕಳಿಗೆ ತೊಂದ್ರೆ ಆಗಲ್ಲ." ಆ ಭರವಸೆಯ ಮೇಲೆ ಸಂಸ್ಥೆಯವರು ಬೇರೆ ಯಾರನ್ನೂ ವಿಚಾರಿಸದೆ ಸುಮ್ಮನೆ ಕೂತರು.

ಗಡುವು ಹತ್ತಿರ ಬಂದಾಗ ಅವನು ಫೋನ್ ಎತ್ತುವುದನ್ನು ಬಿಟ್ಟ. ಅಕ್ಕೋರು ತಾವೇ ಶಾಲೆಗೆ ಹೋಗಿ ಒಂದು ಯಂತ್ರದಲ್ಲಿ ಪ್ರಯತ್ನಿಸಿದರು. ಈ ಕಂಪ್ಯೂಟರ್ ಅರ್ಹವಲ್ಲ ಎಂದು ಬಂತು. ಎರಡನೆಯದರಲ್ಲೂ ಅದೇ, ಉಳಿದವುಗಳಲ್ಲೂ ಅದೇ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರು. ಎಲ್ಲಿಯವಳೋ ಒಬ್ಬ ಹುಡುಗಿ ವಿನಯದಿಂದಲೇ ಮಾತಾಡಿದಳಂತೆ. ಹಳೆಯ ಯಂತ್ರಗಳಿಗೆ ಹೊಸದು ಬರುವುದಿಲ್ಲ, ಹೊಸ ಯಂತ್ರ ಕೊಳ್ಳಬೇಕು, ಎಲ್ಲರಿಗೂ ಒಂದೇ ನಿಯಮ ಎಂದಳು.

"ಎಲ್ರಿಗೂ ಅಂದ್ರೆ? ಕದ್ದೋರಿಗೂ ನಮಗೂ ಒಂದೇ ಏನವ್ವಾ?" ಎಂದು ಅಕ್ಕೋರು ಕೇಳಿದರು.

ಹುಡುಗಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಇನ್ನೇನಾದರೂ ಸಹಾಯ ಬೇಕೇ ಎಂದು ಕೇಳಿದಳು.

ಆ ವಾರ ನಾನು ತವರಿಗೆ ಬಂದಿದ್ದೆ. ಸಂಸ್ಥೆಯವರು ಸಭೆ ಕರೆದಿದ್ದರು. ಅಕ್ಕೋರು ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. "ತಪ್ಪು ಮಾಹಿತಿ ಬಂದಿತ್ತು ಅಂತ ಹೇಳಿ, ಮುಂದೆ ಏನ್ ಮಾಡಬೇಕು ಅಂತ ಎಲ್ರೂ ಕೂತು ಯೋಚನೆ ಮಾಡಿದ್ರೆ ಆತು" ಎಂದು ದಾರಿಯುದ್ದಕ್ಕೂ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಚನ್ನಗಿರಿಯ ಆ ಶಾಲೆಯ ಕೋಣೆಗೆ ಕಾಲಿಟ್ಟಾಗ, ಕಾರ್ಯದರ್ಶಿಗಳ ಬಲಗಡೆಯ ಕುರ್ಚಿಯಲ್ಲಿ ಅವನು ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಮುಂದೆ ಒಂದು ತೆಳ್ಳನೆಯ ಹೊಸ ಲ್ಯಾಪ್‌ಟಾಪ್. ಕಿಟಕಿಯಿಲ್ಲದ ಆ ಅಗ್ಗದ ಲ್ಯಾಪ್‌ಟಾಪುಗಳಿಗೆ ಅವನು ಏಜೆಂಟನಾಗಿದ್ದಾನೆ, ಅದೂ ಕೆಲವು ತಿಂಗಳಿಂದ, ಎಂಬುದು ನಮಗೆ ಗೊತ್ತಾದದ್ದು ಅಲ್ಲೇ. ಎಲ್ಲ ಶಾಲೆಗಳಿಗೂ ಅವನ್ನೇ ಕೊಳ್ಳುವುದು, ಪಾಠವನ್ನೂ ಅವನ ಕಡೆಯವರೇ ಮಾಡುವುದು, ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುವುದು ಎಲ್ಲ ಮಾತಾಗಿತ್ತು. ಅಕ್ಕೋರ ಭರವಸೆ ಇರುವವರೆಗೆ ಬೇರೆ ಯಾರೂ ಈ ಕೆಲಸಕ್ಕೆ ಕೈ ಹಾಕುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅದು ಮುರಿದು ಬೀಳುವ ಹೊತ್ತಿಗೆ ತಯಾರಾಗಿ ಬಂದು ಕೂತಿದ್ದ.

ಕಾರ್ಯದರ್ಶಿಗಳು ಒಳ್ಳೆಯವರು, ಆದರೆ ಬೇಸರದಲ್ಲಿದ್ದರು. "ಅಕ್ಕೋರೆ, ಬರ್ತೈತೆ ಅಂತ ಎಲ್ಲರ ಮುಂದೆ ಹೇಳಿದ್ರಿ. ಈಗ ಪೋಷಕರು ನಮ್ಮನ್ನ ಕೇಳ್ತಾರೆ. ಏನಂತ ಹೇಳಾನ? ನಿಮಗೆ ಹಂಗಂತ ಹೇಳಿದ್ದು ಯಾರು?"

ಅಕ್ಕೋರು ಅವನ ಕಡೆ ನೋಡಿದರು. ಅವನು ತಲೆ ತಗ್ಗಿಸಿ ಮೊಬೈಲಿನಲ್ಲಿ ಏನೋ ಹುಡುಕುತ್ತಿದ್ದ. ನಾನು ಬಾಯಿ ತೆರೆಯಲು ಹೋದೆ. ಮೇಜಿನ ಕೆಳಗೆ ಅಕ್ಕೋರ ಕೈ ನನ್ನ ಮುಂಗೈ ಹಿಡಿದು ಒತ್ತಿತು.

"ಯಾರೂ ಹೇಳಿಲ್ಲ ಸರ್. ನಾನೇ ತಪ್ಪು ತಿಳ್ಕಂಡಿದ್ದೆ," ಎಂದರು.

ಆಗ ಅವನು ತಲೆಯೆತ್ತಿದ. ಬಾಯಿ ತೆರೆದು ಅವನು ಆಡಿದ ಮಾತು ನನಗಿನ್ನೂ ನೆನಪಿದೆ. "ವಯಸ್ಸಾದೋರು ಸರ್. ಟೆಕ್ನಾಲಜಿ ಬಹಳ ಮುಂದೆ ಹೋಗೈತೆ. ಅವರನ್ನ ಏನೂ ಅನ್ನಬ್ಯಾಡ್ರಿ. ಅವರಿಗೆ ನಮ್ಮ ಕಡೆಯಿಂದ ಒಂದು ಸನ್ಮಾನ ಇಟ್ಕಳಾನ."

ಅಕ್ಕೋರು ಎದ್ದುನಿಂತು ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕೈಮುಗಿದು ಹೊರಗೆ ಬಂದರು.

ಹೊನ್ನಾಳಿ ಬಸ್ಸು ಹತ್ತಿ ಕೂತೆವು. ನನಗೆ ತಡೆಯಲಾಗಲಿಲ್ಲ. "ಯಾಕ್ರೀ ಅಕ್ಕೋರೆ ಬಿಟ್ರಿ ಅವನನ್ನ? ಎಲ್ಲರ ಮುಂದೆ ಹೇಳಬೇಕಿತ್ತು" ಎಂದೆ.

"ಏನಂತ ಹೇಳ್ಲಿ? ನಾಳೆಯಿಂದ ಆ ಮಕ್ಕಳ ಮುಂದೆ ನಿಲ್ಲೋನು ಅವನು. ಮೇಷ್ಟ್ರೇ ಸುಳ್ಳ ಅಂತ ಗೊತ್ತಾದ್ರೆ ಆ ಮಕ್ಕಳು ಏನು ಕಲೀತಾವೆ?" ಎಂದರು. ಆಮೇಲೆ ಹೊರಗೆ ನೋಡುತ್ತಲೇ, "ಆದ್ರೆ ತಂಗಿ, ನನಗೆ ವಯಸ್ಸಾಗೈತೆ ಅಂದ ನೋಡು. ಸುಳ್ಳು ಹೇಳಿದ್ದನ್ನ ಹೆಂಗಾದ್ರೂ ಮರೀತೀನಿ. ಅದನ್ನ ಮರ್ಯಾಕೆ ಆಗಲ್ಲ" ಎಂದರು.

ಸಭೆಯಲ್ಲಿ ಅವನ ಹೆಸರು ಹೇಳದಿದ್ದುದನ್ನು ಕ್ಷಮೆ ಎಂದು ಯಾರೂ ತಿಳಿಯಬಾರದು. ಅಕ್ಕೋರು ಅವನನ್ನು ಕ್ಷಮಿಸಲಿಲ್ಲ. ಸನ್ಮಾನದ ಕರೆಗೆ ಹೋಗಲಿಲ್ಲ. ಅವನು ಹಣ್ಣಿನ ಚೀಲ ಹಿಡಿದು ಮನೆಗೆ ಬಂದಾಗ ಒಳಕೋಣೆಯಿಂದ ಹೊರಗೆ ಬರಲಿಲ್ಲ. ಯಜಮಾನರೇ ಚೀಲವನ್ನು ವಾಪಸು ಕೊಟ್ಟು ಕಳಿಸಿದರು. ಎಲ್ಲಕ್ಕಿಂತ ನೋವಿನ ಬದಲಾವಣೆ ಇನ್ನೊಂದಿತ್ತು. ಯಾರು ಏನೇ ಹೇಳಿದರೂ ಒಪ್ಪಿಕೊಂಡುಬಿಡುತ್ತಿದ್ದ ಅಕ್ಕೋರು ಈಗ ಪ್ರತಿ ಮಾತಿಗೂ "ನಿಜಾನಾ?" ಎಂದು ಕೇಳತೊಡಗಿದರು. ಹಾಲಿನವನು ನಾಳೆ ಬರಲ್ಲ ಎಂದರೆ "ನಿಜಾನಾ?" ಯಜಮಾನರು ಊಟ ಆಯಿತು ಎಂದರೆ "ನಿಜಾನಾ?" ಒಮ್ಮೆ ನಾನು ಫೋನಿನಲ್ಲಿ, ನಿಮ್ಮನ್ನ ಬಹಳ ನೆನೆಸ್ತೀನಿ ಅಕ್ಕೋರೆ ಎಂದಾಗಲೂ ಆ ಕಡೆಯಿಂದ ಅದೇ ಮಾತು ಬಂತು. ಮಾತು ಹೊರಗೆ ಬಿದ್ದ ಮೇಲೆ ಅವರಿಗೇ ಗೊತ್ತಾಗಿ, ಅವರು ಫೋನ್ ಇಟ್ಟುಬಿಟ್ಟರು.

ಕೆಲವು ದಿನ ಬಿಟ್ಟು, ಒಂದು ಬೆಳಿಗ್ಗೆ ಅವರು ಹೇಳದೆ ಕೇಳದೆ ಜಗಳೂರಿಗೆ ಬಂದರು. ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿ, ಮೆಕ್ಕೆಜೋಳದ ಚೀಲಗಳ ನಡುವೆ ನಿಂತುಕೊಂಡೇ ಬಂದಿದ್ದರು. ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ನೀರು ಕುಡಿದರು.

"ನಿನ್ನ ಪುಕ್ಕಟೆ ಯಂತ್ರ ತೋರ್ಸು," ಎಂದರು. "ನನ್ನನ್ನ ಬಿಟ್ಟು ಎಲ್ರೂ ಎಲ್ಲಿಗೆ ಹೋದ್ರು ಅಂತ ನೋಡಬೇಕು."

ಮೊದಲ ಸಲ ನಾನು ಸ್ಟೂಲು ಎಳೆದುಕೊಂಡು ಅಕ್ಕೋರ ಪಕ್ಕ ಕೂತೆ. ಹೆಚ್ಚು ಹೇಳಿಕೊಡಬೇಕಾಗಿ ಬರಲಿಲ್ಲ. ಕಡತ ತೆಗೆಯುವುದು, ಬರೆಯುವುದು, ಉಳಿಸುವುದು, ಮುದ್ರಿಸುವುದು ಎಲ್ಲ ಅಲ್ಲಿದ್ದವೇ. ಜಾಗ ಸ್ವಲ್ಪ ಆಚೀಚೆ, ಹೆಸರು ಸ್ವಲ್ಪ ಬೇರೆ. ಮಧ್ಯಾಹ್ನದೊಳಗೆ ಅವರು ನನ್ನನ್ನು ಬದಿಗೆ ಸರಿಸಿ, ಅರ್ಜಿ ಹಾಕಿಸಲು ಬಂದಿದ್ದ ಒಬ್ಬ ಕುರಿಗಾಹಿಯ ಅರ್ಜಿಯನ್ನು ತಾವೇ ಟೈಪ್ ಮಾಡಿದರು. ಆಮೇಲೆ ಕೀಬೋರ್ಡಿನಿಂದ ಕೈ ತೆಗೆದರು.

"ಇಷ್ಟೇನಾ?" ಎಂದರು.

"ಇಷ್ಟೇ ರೀ ಅಕ್ಕೋರೆ."

"ಈ ಯಂತ್ರ ಎಷ್ಟು ಹಳೇದು?"

ಅದು ಅವರು ಚನ್ನಗಿರಿಯ ಶಾಲೆಗಳಿಗೆ ಹಾಕಿಸಿದ್ದ ಯಂತ್ರಗಳಿಗಿಂತ ಹಳೆಯದು. ಹೇಳಿದೆ. ಹಾಗಾದರೆ ಆ ಯಂತ್ರಗಳಿಗೆ ಏನೂ ಆಗಿರಲಿಲ್ಲ. ಕಿಟಕಿ ತೆಗೆದು ಇದನ್ನು ಹಾಕಿದ್ದರೆ ಇನ್ನೂ ಕೆಲವು ವರ್ಷ ಮಕ್ಕಳು ಅವುಗಳ ಮೇಲೇ ಕಲಿಯಬಹುದಿತ್ತು. ಪೋಷಕರು ಹೊಸ ಲ್ಯಾಪ್‌ಟಾಪಿಗೆಂದು ಏನನ್ನೂ ಕೊಡಬೇಕಿರಲಿಲ್ಲ. ಅಕ್ಕೋರು ಆಗಲೇ ನನ್ನ ಫೋನಿನಿಂದ ಕಾರ್ಯದರ್ಶಿಗಳಿಗೆ ಕರೆ ಮಾಡಿಸಿದರು. ಹಳೆಯ ಯಂತ್ರಗಳನ್ನು ಮುಟ್ಟಬೇಡಿ, ನಾನೇ ಬಂದು ಸರಿಮಾಡಿಕೊಡುತ್ತೇನೆ ಎಂದು ಉಸಿರು ಬಿಡದೆ ಹೇಳಿದರು.

"ಗುಜರಿ ಗಾಡಿ ಬಂದು ತುಂಬ್ಕೊಂಡು ಹೋತಲ್ರೀ ಅಕ್ಕೋರೆ," ಎಂದರು ಕಾರ್ಯದರ್ಶಿಗಳು. "ಹೋದ ವಾರವೇ."

ಅಕ್ಕೋರು ಫೋನನ್ನು ನನ್ನ ಕೈಗೆ ಕೊಟ್ಟು ಅಂಗಡಿಯ ಬಾಗಿಲಿಗೆ ಹೋಗಿ ನಿಂತರು. ಅಳುತ್ತಿದ್ದಾರೆಂದು ಗೊತ್ತಾದರೂ ನಾನು ಹತ್ತಿರ ಹೋಗಲಿಲ್ಲ. ತಿರುಗಿ ಬಂದಾಗ ಧ್ವನಿ ಮಾಮೂಲಿನಂತೆಯೇ ಇತ್ತು.

"ಕಿಟಕಿ ಕೈ ಬಿಟ್ಟಿದ್ದಕ್ಕೆ ನನಗೆ ಅಷ್ಟು ಬ್ಯಾಸರ ಇಲ್ಲ. ಅದು ಕಂಪನಿ, ಅದಕ್ಕೆ ನಾನ್ಯಾರು ಅಂತ ಗೊತ್ತೇ ಇರಲಿಲ್ಲ. ನಾನೇ ಗೊತ್ತೈತೆ ಅನ್ಕಂಡಿದ್ದೆ. ಅವನಿಗೆ ಗೊತ್ತಿತ್ತಲ್ಲ? ಒಂದು ಮಾತು, ಅಕ್ಕೋರೆ ಇದು ಮುಗೀತು, ಹೊಸಾದು ಕಲಿಯಾನ ಬರ್ರಿ ಅಂದಿದ್ರೆ ಒಂದು ವಾರದಾಗೆ ಕಲೀತಿದ್ದೆ. ಏಜೆನ್ಸಿ ಅವನೇ ಇಟ್ಕಂಡಿದ್ರೂ ಅವನ ಕೈ ಕೆಳಗೇ ಪಾಠ ಮಾಡ್ತಿದ್ದೆ. ಸುಳ್ಳು ಹೇಳೋ ಅಗತ್ಯವೇ ಇರಲಿಲ್ಲ ತಂಗಿ."

ಊರಿಗೆ ಮರಳಿ ಅವರು ತಮ್ಮ ಕ್ಲಾಸಿನ ಯಂತ್ರಗಳಿಂದ ಕಿಟಕಿಯನ್ನು ತೆಗೆದುಹಾಕಿ ಲಿನಕ್ಸ್ ಹಾಕಿದರು. ಸ್ತ್ರೀಶಕ್ತಿ ಸಂಘದ ಹೆಂಗಸರು ಕೆಲವರು ಕಲಿಯಲು ಬಂದರು. ಚೆನ್ನಾಗಿಯೇ ನಡೆಯುತ್ತಿತ್ತು, ಆದರೆ ಹಳೆಯ ಹುರುಪು ಇರಲಿಲ್ಲ ಎಂದು ಯಜಮಾನರು ನನ್ನ ಬಳಿ ಹೇಳುತ್ತಿದ್ದರು. ಅಕ್ಕೋರನ್ನು ಹೊಟ್ಟೆಯ ಕಾಯಿಲೆ ಎಂದು ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದ್ದೇ ನೆಪ, ಮಳೆಗಾಲ ಶುರುವಾಗುವ ಮೊದಲೇ ಹೋಗಿಬಿಟ್ಟರು. ಕೊನೆಯ ಸಲ ನೋಡಲು ಹೋದಾಗ ನನ್ನ ಅಂಗಡಿಯ ವಿಚಾರವನ್ನೇ ಕೇಳಿದರು. ಚೆನ್ನಾಗಿ ನಡೀತೈತೆ ಎಂದೆ. ನಿಜಾನಾ ಎಂದು ಅವರು ಕೇಳಲಿಲ್ಲ. ನನ್ನ ಬದುಕಿನಲ್ಲಿ ಯಾವ ಸರ್ಟಿಫಿಕೇಟೂ ಅಷ್ಟು ದೊಡ್ಡದಲ್ಲ.

ಹೊನ್ನಾಳಿಯಲ್ಲಿ ಮಣ್ಣು ಮಾಡಿ ಬಂದ ಮೇಲೆ ಅವನು ಬಂದ. ಕಾರನ್ನು ದೂರದಲ್ಲಿ ನಿಲ್ಲಿಸಿ ನಡೆದುಕೊಂಡು ಬಂದು, ಜಗುಲಿಯಲ್ಲಿ ಕೂತಿದ್ದ ಯಜಮಾನರ ಮುಂದೆ ನಿಂತ. ಸೊರಗಿದ್ದ, ಕಣ್ಣು ಕೆಂಪಾಗಿದ್ದವು. ಆ ದುಃಖ ಸುಳ್ಳೆಂದು ನಾನು ಹೇಳಲಾರೆ. ಬೆಳಿಗ್ಗೆಯೇ ತನ್ನ ಮೊಬೈಲಿನಲ್ಲಿ ಅಕ್ಕೋರ ಫೋಟೋಗೆ ಹಾರ ಹಾಕಿ, ನನ್ನ ಗುರು, ನನ್ನ ತಾಯಿ ಎಂದು ಎಲ್ಲರಿಗೂ ಕಳಿಸಿದ್ದ. ನನಗೂ ಬಂದಿತ್ತು.

"ಅಕ್ಕೋರು ನನ್ನ ಬಗ್ಗೆ ಏನಾದ್ರೂ ಅಂದ್ರಾ ರೀ?" ಎಂದು ಕೇಳಿದ.

ಯಜಮಾನರು ತಲೆಯೆತ್ತಿ ಅವನನ್ನು ನೋಡಿದರು. "ಇಲ್ಲಪ್ಪ. ಚನ್ನಗಿರಿಯಿಂದ ಬಂದ ದಿನದಿಂದ ನಿನ್ನ ಹೆಸರು ಎತ್ತಲಿಲ್ಲ. ಬೈಯಾಕೂ ಎತ್ತಲಿಲ್ಲ."

ಅವನು ನನ್ನ ಕಡೆ ತಿರುಗಿದ. "ನಿನ್ನ ಹತ್ರ?"

ಅವನನ್ನು ಹಾಗೇ ಬಿಡಬಹುದಿತ್ತು. ಆದರೆ ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದೆ. "ಅಂದಿದ್ರು. ಅಕ್ಕೋರೆ ಹೊಸಾದು ಕಲಿಯಾನ ಬರ್ರಿ ಅಂತ ನೀನು ಒಂದು ಮಾತು ಕರೆದಿದ್ರೆ ಕಲೀತಿದ್ರಂತೆ. ನಿನ್ನ ಕೈ ಕೆಳಗೇ ಪಾಠ ಮಾಡ್ತಿದ್ರಂತೆ."

ಪಕ್ಕದ ಮನೆಯವರು ಬಂದವರಿಗೆಲ್ಲ ಚಹಾ ಕೊಡುತ್ತಾ ಬಂದು ಅವನ ಕೈಗೂ ಒಂದು ಲೋಟ ಕೊಟ್ಟರು. ನಾನು ಜಗಳೂರಿನ ಬಸ್ಸಿಗೆ ಹೊರಡುವಾಗಲೂ ಅವನು ಅಂಗಳದಲ್ಲೇ ನಿಂತಿದ್ದ. ಯಾರೂ ಕೂರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಲೋಟದ ಚಹಾ ಹಾಗೇ ಇತ್ತು.